ಡಾಕ್ಟರ್ ಹರ್ಗಿಯೊ ಅವರ ವಿನಯ

ರೋಬೋಟಿನ ಹೆಸರಲ್ಲಿ ಊಟ ಹಾಕಿಸಿದ್ದೇ ಎಲ್ಲ ಎಡವಟ್ಟಿಗೂ ಮೂಲ.

ಸೋಲೊ ಊರಿನ ಆಸ್ಪತ್ರೆಗೆ ಬೆನ್ನುಮೂಳೆ ಆಪರೇಷನ್ನಿನ ರೋಬೋಟ್ ಬಂದಿತ್ತು. ಸಣ್ಣ ತೂತು ಮಾಡಿದರೆ ಸಾಕು, ಸೊಂಟದ ಮೂಳೆಯಲ್ಲಿ ಸ್ಕ್ರೂ ಎಲ್ಲಿ ಕೂರಬೇಕೋ ಅಲ್ಲಿಗೇ ದಾರಿ ತೋರಿಸೋ ಯಂತ್ರ. ಅಂಥದ್ದು ಬಂದ ಮೇಲೆ ಒಳ್ಳೇದಾಗಲಿ ಅಂತ ಎಲ್ಲರೂ ಒಟ್ಟಿಗೆ ಕೂತು ಉಣ್ಣೋ ಸ್ಲಾಮೆತಾನ್ ಊಟ ಆಗದೆ ಇದ್ದೀತೆ? ನೆಲಕ್ಕೆ ಚಾಪೆ, ಚಾಪೆ ಮೇಲೆ ಗೋಪುರದಂಥ ಹಳದಿ ಅನ್ನ. ಅದರ ತುದಿ ಕತ್ತರಿಸಿ ಹಿರಿಯರಿಗೆ ಕೊಡೋ ಕೆಲಸ ಡಾಕ್ಟರ್ ಹರ್ಗಿಯೊ ಪಾಲಿಗೆ ಬಂತು. ರೋಬೋಟ್ ವಿಭಾಗದ ಮುಖ್ಯಸ್ಥನ ಕುರ್ಚಿ ಅವನಿಗೋ, ಅವನ ಕೈಕೆಳಗಿನ ಕಿರಿಯ ಡಾಕ್ಟರ್ ಬಯುಗೋ ಅನ್ನೋದು ಅವತ್ತೇ ತೀರ್ಮಾನ. ಕೆಲಸದಲ್ಲಿ ಹರ್ಗಿಯೊ ಎತ್ತಿದ ಕೈ. ಆದರೆ ಮಹಾ ಜಂಬದವನು ಅಂತ ಹೆಸರು.

ತಟ್ಟೆ ಹಿಡಿದು, ಚಾಪೆ ಮೇಲೆ ಕೂತಿದ್ದ ನಿರ್ದೇಶಕ, ಎಲ್ಲರೂ ಗೌರವದಿಂದ 'ಪಾಕ್' ಅನ್ನೋ ಸುದಾರ್ಮೊ ಮುಂದೆ ಬಗ್ಗಿದ. ಸೊಂಟದಲ್ಲಿ ಚಳಕ್ ಅಂತು. ಮೇಲೇಳೋಕೇ ಆಗಲಿಲ್ಲ.

"ಸಾಕು, ಏಳ್ರೀ ಡಾಕ್ಟ್ರೇ," ಅಂದರು ಸುದಾರ್ಮೊ. ಅವನು ಏಳಲಿಲ್ಲ. "ಅಬ್ಬಾ, ಎಂಥ ವಿನಯ! ನಿಮ್ಮನ್ನ ಜಂಬದೋನು ಅಂದೋರ ಬಾಯಿಗಿಷ್ಟು ಮಣ್ಣು ಹಾಕ!"

ಸೊಂಟದ ಡಾಕ್ಟರಿಗೇ ಸೊಂಟ ಹಿಡಿದಿದೆ ಅಂತ ಗೊತ್ತಾದರೆ ಕುರ್ಚಿ ಬಯು ಪಾಲು. ಹರ್ಗಿಯೊ ಹಲ್ಲು ಕಿರಿದು ಬಗ್ಗಿಕೊಂಡೇ ಹೊರಟ.

ಈಗ ಶುರುವಾಯ್ತು ನೋಡಿ ತಮಾಷೆ. ಹಿರಿಯ ಡಾಕ್ಟರ್ ಬಗ್ಗಿ ನಡೆಯುವಾಗ ಕಿರಿಯರು ತಲೆ ಎತ್ತಿ ನಡೆಯೋದುಂಟೇ? ಬಯು ಇನ್ನೊಂದು ಗೇಣು ಕೆಳಗೆ ಬಗ್ಗಿದ. ಅವನಿಗಿಂತ ಕೆಳಗೆ ನರ್ಸುಗಳು. ಕಸ ಗುಡಿಸುವ ಪಾಯ್ಮಿನ್‌ಗೆ, ಪಾಪ, ತೆವಳೋದೊಂದೇ ಬಾಕಿ. ಕಾರಿಡಾರ್ ತುಂಬ ಎಲ್ಲರೂ ಬಿದ್ದ ಸೂಜಿ ಹುಡುಕೋರ ಹಾಗೆ ಕಾಣುತ್ತಿದ್ದರು.

ಅವತ್ತಿನ ಆಪರೇಷನ್ನಿಗೆ ಸ್ಟ್ರೆಚರ್ ಮೇಲೆ ಕಾದಿದ್ದ ರೋಗಿ, ನಿವೃತ್ತ ಟೀಚರ್ ಮಾರ್ಸಿನಾ, ಇದನ್ನು ಕಂಡು ಕಣ್ಣೊರೆಸಿಕೊಂಡರು. "ಏಳಪ್ಪಾ ಮಗನೇ, ನಾನೇನು ಮಹಾರಾಣಿಯೇ?"

"ಪರವಾಗಿಲ್ಲ ಅಮ್ಮಾ... ಹೀಗೇ... ಇರ್ತೀನಿ."

ಥಿಯೇಟರಿನಲ್ಲಿ ಎಕ್ಸ್‌ರೇ ತಡೆಯೋ ಸೀಸದ ಏಪ್ರನ್ ಹೆಗಲಿಗೆ ಬಿದ್ದಾಗ ಹರ್ಗಿಯೊಗೆ ಹೆತ್ತ ತಾಯಿ ನೆನಪಾದಳು. ಅವನಿಗೆ ಎಟುಕಲಿ ಅಂತ ಟೇಬಲ್ ಇಳಿಸಿದರು, ಅದರ ಜೊತೆ ಎಲ್ಲರೂ ಇಳಿದರು. ನೆಟ್ಟಗೆ ನಿಂತಿದ್ದು ರೋಬೋಟ್ ಒಂದೇ. ಅದರ ಕೈ ತೋರಿಸಿದ ದಾರಿಯಲ್ಲಿ ಹರ್ಗಿಯೊ ನಾಲ್ಕೂ ಸ್ಕ್ರೂ ಕೂರಿಸಿದ, ಕೂದಲೆಳೆಯಷ್ಟೂ ತಪ್ಪದೆ. ಜಂಬ ಇರಲಿ ಬಿಡಿ, ಕೆಲಸ ಮಾತ್ರ ಬಂಗಾರ.

ಅರಿವಳಿಕೆ ಡಾಕ್ಟರ್ ಲಾಸ್ಮಿಗೆ ಗುಟ್ಟು ಗೊತ್ತಾಗಿಹೋಗಿತ್ತು. ಆಪರೇಷನ್ ಮುಗಿದದ್ದೇ ಅವನನ್ನು ಮೂಲೆಗೆಳೆದು, "ನನ್ನ ಹತ್ರ ನಾಟಕ ಬೇಡ, ತಿರುಗು," ಅಂತ ಸೊಂಟಕ್ಕೊಂದು ಇಂಜೆಕ್ಷನ್ ಚುಚ್ಚಿದರು. "ಹತ್ತು ನಿಮಿಷ ತಡ್ಕೋ."

ಹತ್ತನೇ ನಿಮಿಷಕ್ಕೆ ಅವನು ಸುದಾರ್ಮೊ ಕೋಣೆಯಲ್ಲಿ ಬಗ್ಗಿ ನಿಂತಿದ್ದ. ಅವರು ಎಲ್ಲರೆದುರು ಹೇಳಿದರು: "ಇವತ್ತಿಂದ ಮುಖ್ಯಸ್ಥರು ನಮ್ಮ ಹರ್ಗಿಯೊ. ಇಂಥ ವಿನಯ—"

ಅಷ್ಟರಲ್ಲಿ ನೋವು ಮಾಯ! ಆಹಾ! ಹರ್ಗಿಯೊ ಸುಖವಾಗಿ ಬೆನ್ನು ಸೆಟೆದು, ಎದೆ ಉಬ್ಬಿಸಿ, ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತ.

ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಹಿರಿಯರ ಮುಂದೆ ಸೊಂಟಕ್ಕೆ ಕೈ!

"ಕುರ್ಚಿ ಸಿಕ್ಕಿ ಒಂದು ನಿಮಿಷ ಆಗಿಲ್ಲ, ಆಗ್ಲೇ ಬಂತೇನ್ರೀ ಕೊಬ್ಬು?" ಸುದಾರ್ಮೊ ಗುಡುಗಿದರು.

"ಅಯ್ಯೋ, ಕೊಬ್ಬಲ್ಲ ಪಾಕ್! ಬೆಳಗ್ಗೆಯಿಂದ ಸೊಂಟ ಹಿಡ್ಕೊಂಡಿತ್ತು. ಅದಕ್ಕೇ ಬಗ್ಗಿದ್ದೆ, ದೇವರಾಣೆಗೂ!"

ಸುದಾರ್ಮೊ ಮುಖ ಇಷ್ಟೇ ಇಷ್ಟಾಯ್ತು. "ಹಾಗಾದ್ರೆ... ನನಗೋಸ್ಕರ ಬಗ್ಗಿದ್ದಲ್ವಾ?"

ಹರ್ಗಿಯೊ ಸೊಂಟದ ಮೇಲಿನ ಕೈ ಮೆಲ್ಲಗೆ ಇಳಿಸಿದ.

"ಬಯು! ಇನ್ಮೇಲೆ ವಿಭಾಗ ನಿಂದು. ಮೊದಲು ಇವರನ್ನ ಅಡ್ಮಿಟ್ ಮಾಡ್ಕೊಂಡು ಸ್ಕ್ಯಾನ್ ತೆಗಿ. ಬೇಕಾದ್ರೆ ರೋಬೋಟಿಗೇ ಒಪ್ಪಿಸು."

ಬಯು ಎರಡೂ ಕೈ ಜೋಡಿಸಿ, ನೆಲ ಮುಟ್ಟುವಷ್ಟು ಬಗ್ಗಿ ಹರ್ಗಿಯೊ ಪಕ್ಕ ಬಂದು ಪಿಸುಗುಟ್ಟಿದ:

"ಸಾರ್, ರೋಬೋಟ್ ಆಪರೇಷನ್ ಒಬ್ಬನೇ ಮಾಡೋದು ಇದೇ ಮೊದಲು. ಎಲ್ಲಾದ್ರೂ ತಪ್ಪಿದ್ರೆ, ಮಲಗಿದ್ದಲ್ಲಿಂದಲೇ ಹೇಳಿಕೊಡ್ತೀರಲ್ಲ?"