ಬಂದರಿನ ಕಚೇರಿಯಲ್ಲಿ ಸ್ವಾತಂತ್ರ್ಯದ ಏಲಂ

ನಮ್ಮ ಕಚೇರಿಯಲ್ಲಿ ಮೀನಿಗೆ ಬರ ಬಂದೀತು, ಆಘಾತಕ್ಕೆ ಯಾವತ್ತೂ ಬಂದದ್ದಿಲ್ಲ. ಬಂದರಿನಲ್ಲಿ ಮೀನು ಕೊಂಡು, ಐಸು ಹಾಕಿ, ಬಜಪೆಯಿಂದ ವಿಮಾನದಲ್ಲಿ ಹೊರಗಿನ ಊರುಗಳಿಗೆ ಕಳಿಸುವುದು ನಮ್ಮ ದಂಧೆ. ನಾನು ಅಲ್ಲಿ ಮ್ಯಾನೇಜರು. ನನ್ನ ಕೆಲಸ ಏನೆಂದರೆ, ಎಲ್ಲರೂ ನನ್ನನ್ನು ಕೇಳುವುದು, ನಾನು "ಆಗಬಹುದು" ಅಥವಾ "ಆಗಲಿಕ್ಕಿಲ್ಲ" ಎನ್ನುವುದು. ತಲೆಕೂದಲು ಬೆಳ್ಳಗಾದದ್ದು ಇದರಲ್ಲೇ. ಅಂತಹ ತಲೆಯ ಮೇಲೆ ಈ ವರ್ಷ ಸ್ವಾತಂತ್ರ್ಯ ಬಂದು ಬಿತ್ತು.

೧. ಘೋಷಣೆ

ನಮ್ಮ ಧಣಿಗಳು ಗದ್ದೆ, ತೋಟ ಇದ್ದ ಮನೆತನದವರು. ಅವರ ಮನೆಯಲ್ಲಿ ಸೋದರಮಾವನನ್ನು ಕೇಳದೆ ಮರದಿಂದ ತೆಂಗಿನಕಾಯಿ ಕೂಡ ಬೀಳುವುದಿಲ್ಲ. ಅಂಥವರು ಒಂದು ದಿನ ಕೊಡಿಯಾಲ್‌ಬೈಲಿನ ಹೋಟೆಲೊಂದರಲ್ಲಿ ಯಾರದೋ ಭಾಷಣ ಕೇಳಿ, ಊಟ ಮಾಡಿ, ಸೀದಾ ಕಚೇರಿಗೆ ಬಂದು ಎಲ್ಲರನ್ನೂ ಸೇರಿಸಿದರು.

"ಕೆಲಸದವರನ್ನು ನಂಬಬೇಕು. ನಾಳೆಯಿಂದ ನಿಮ್ಮ ನಿಮ್ಮ ಕೆಲಸ ಹೇಗೆ ಮಾಡ್ಬೇಕು ಅಂತ ನೀವೇ ತೀರ್ಮಾನ ಮಾಡಿ. ಮ್ಯಾನೇಜರನ್ನು ಯಾರೂ ಎಂತದೂ ಕೇಳ್ಲಿಕ್ಕಿಲ್ಲ."

ಧಣಿಗಳು ನನ್ನನ್ನು ಬದಿಗೆ ಕರೆದು ಸಮಾಧಾನ ಮಾಡಿದರು. ಆ ಸಮಾಧಾನ ಇನ್ನೂ ಘೋರ.

"ಒಂದು ತಿಂಗಳು ನೋಡುವ. ಸರಿಯಾಗಿ ನಡೆದ್ರೆ ನೀವು ಇಲ್ಲಿ ಕೂತು ಮಂಡೆಬಿಸಿ ಮಾಡ್ಕೊಳ್ಳುವುದು ಬೇಡ. ನಮ್ಮ ಬಜಪೆ ಗೋದಾಮು ಉಂಟಲ್ಲ, ಅಲ್ಲಿ ಆರಾಮವಾಗಿ ಕೂತ್ಕೊಳ್ಳಿ."

ಬಜಪೆ ಗೋದಾಮಿನಲ್ಲಿ ಇರುವುದು ಖಾಲಿ ಥರ್ಮಾಕೋಲ್ ಪೆಟ್ಟಿಗೆಗಳು. ಅವು ಯಾವುದನ್ನೂ ಕೇಳುವುದಿಲ್ಲ. ಅಲ್ಲಿ ಹೋಗಿ ನಾನು ಯಾರಿಗೆ "ಆಗಲಿಕ್ಕಿಲ್ಲ" ಎನ್ನಲಿ? ನಾನು ಹೀಗೆ ಯೋಚಿಸುತ್ತಿರುವಾಗಲೇ ಹಿಂದಿನಿಂದ ವ್ಯಾನ್ ಡ್ರೈವರ್ ಕೈ ಎತ್ತಿದ.

"ಧಣಿ, ನಾಳೆಯವರೆಗೆ ಯಾಕೆ? ಇವತ್ತಿಂದಲೇ ಕೇಳದೆ ಇರ್ಲಿಕ್ಕೆ ಆಗ್ತದಾ ಅಂತ ಮ್ಯಾನೇಜರನ್ನು ಒಮ್ಮೆ ಕೇಳಿ."

೨. ಸಮಯಕ್ಕೆ ಸರಿಯಾಗಿ

ಮೊದಲು ಸ್ವತಂತ್ರನಾದವನು ಆ ಡ್ರೈವರನೇ. ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಸರಕು ವಿಭಾಗದಿಂದ ನನಗೆ ಫೋನು. "ನಿಮ್ಮ ವ್ಯಾನ್ ಇವತ್ತು ಎಲ್ಲರಿಗಿಂತ ಮೊದಲು ಬಂದಿದೆ" ಎಂದರು. ಒಂದು ಕ್ಷಣ ನನಗೂ ಖುಷಿಯಾಯಿತು. "ಆದ್ರೆ ಒಳಗೆ ಎಂತದೂ ಇಲ್ಲ" ಎಂದರು.

ಕಿಟಕಿಯಿಂದ ಕೆಳಗೆ ನೋಡಿದರೆ ಮೀನಿನ ಪೆಟ್ಟಿಗೆಗಳು ಬಿಸಿಲಿನಲ್ಲಿ ಸಾಲಾಗಿ ಕೂತು ವ್ಯಾನಿಗೆ ಕಾಯುತ್ತಿದ್ದವು. ಐಸು ಕರಗಿ ಚರಂಡಿ ಸೇರುತ್ತಿತ್ತು, ಪೆಟ್ಟಿಗೆಗಳ ಸುತ್ತ ಬೆಕ್ಕುಗಳ ಸಭೆ ಸೇರಿತ್ತು. ಡ್ರೈವರಿಗೆ ಫೋನ್ ಹಚ್ಚಿ, "ಎಂತ ಮಾರಾಯಾ ಇದು?" ಎಂದೆ.

"ತಡವಾದ್ರೆ ಕೊಡಿಯಾಲ್‌ಬೈಲಿನಲ್ಲಿ ಬ್ಲಾಕ್ ಆಗ್ತದೆ. ಹಾಗೆ ಬೇಗ ಹೊರಡುವ ಅಂತ ನಾನೇ ತೀರ್ಮಾನ ಮಾಡಿದೆ."

"ಮೀನು ತುಂಬಿಸ್ಬೇಕು ಅಂತ ಗೊತ್ತಾಗ್ಲಿಲ್ವಾ ನಿನಗೆ?"

"ವ್ಯಾನ್ ಬಿಡುವುದು ನನ್ನ ಕೆಲಸ. ತುಂಬಿಸುವುದು ಲೋಡಿಂಗಿನವರ ಸ್ವಾತಂತ್ರ್ಯ ಮಾರಾಯ್ರೆ. ಅದಕ್ಕೆ ನಾನು ಕೈ ಹಾಕ್ಬಾರ್ದಲ್ಲ."

೩. ಮನೆಯಿಂದ ಕೆಲಸ

ನಮ್ಮ ಲೆಕ್ಕಪತ್ರ ನೋಡುವ ಅಕ್ಕ ಇನ್ನು ಮೇಲೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಸಾರಿ, ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಎಲ್ಲರಿಗೂ ಟಾಟಾ ಮಾಡಿ ಹೋದರು. ಮರುದಿನ ಮಧ್ಯಾಹ್ನಕ್ಕೆ ಮುಂಚೆಯೇ ಅದೇ ಚೀಲದ ಜೊತೆ ವಾಪಸ್ ಬಂದು ಕುರ್ಚಿಯಲ್ಲಿ ಕುಸಿದು ಕೂತರು.

"ಎಂತ ಆಯ್ತು ಅಕ್ಕ?" ಎಂದೆ.

"ಮನೆಯಲ್ಲಿ ಅತ್ತೆ ಬಂದು 'ಎಂತ ಮಾಡ್ತಾ ಇದ್ದಿ' ಅಂತ ಕೇಳ್ತಾರೆ. ಮಾವ ಬಂದು 'ಇನ್ನೂ ಆಗ್ಲಿಲ್ವಾ' ಅಂತಾರೆ. ಪಕ್ಕದ ಮನೆಯವಳು ಬೇಲಿಯಿಂದ ಇಣುಕಿ 'ಕೆಲಸ ಹೋಯ್ತಾ' ಅಂತ ಕೇಳಿದ್ಲು. ಅಲ್ಲಿ ಮೂರು ಜನ ಮ್ಯಾನೇಜರುಗಳು. ಇಲ್ಲಿ ಒಬ್ಬರೇ, ಅದೂ ಈಗ ಇಲ್ಲದ ಲೆಕ್ಕ."

೪. ಏಲಂ

ಇಷ್ಟಾದ ಮೇಲೆ ತಿಂಗಳು ತುಂಬುವ ಮೊದಲೇ ಧಣಿಗಳಿಗೆ ಬುದ್ಧಿ ಬರುತ್ತದೆ, ನನ್ನ ಕುರ್ಚಿ ಭದ್ರ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆಗ ನನ್ನ ಹೊಟ್ಟೆಗೆ ಕಲ್ಲು ಹಾಕಿದವನು ನಮ್ಮ ಬಿಲ್ ಬರೆಯುವ ಗುಮಾಸ್ತ. ಅವನ ಮನೆಯವರು ತಲೆತಲಾಂತರದಿಂದ ಕಡಲಿಗೆ ಹೋಗುವವರು, ಅಮ್ಮ ಬಂದರಿನಲ್ಲಿ ಮೀನಿನ ಹರಾಜು, ಅಂದರೆ ಏಲಂ, ಕೂಗುವವರು. ಯಾವ ಕೆಲಸ ಯಾರು ಮಾಡಬೇಕು ಎಂದು ಜಗಳ ಶುರುವಾದಾಗ ಅವನು ಮೇಜಿನ ಪಕ್ಕ ಸ್ಟೂಲಿನ ಮೇಲೆ ಹತ್ತಿ ನಿಂತ.

"ಪೆಟ್ಟಿಗೆ ತುಂಬಿಸುವ ಕೆಲಸ ಉಂಟು. ಮುಗಿಸಿದವರು ಮೂರು ಗಂಟೆಗೆ ಮನೆಗೆ, ಉಳಿದವರು ಎಂದಿನ ಹಾಗೆ ಆರಕ್ಕೆ. ಯಾರಿಗೆ?"

"ನಾನು ನಾಲ್ಕಕ್ಕೆ ಹೋಗ್ತೇನೆ, ನನಗೆ ಕೊಡು."

"ನಾನು ನಾಲ್ಕೂವರೆ."

ಕೊನೆಗೆ ಯಾರು ತಡವಾಗಿ ಮನೆಗೆ ಹೋಗಲು ಒಪ್ಪುತ್ತಾರೋ ಕೆಲಸ ಅವರಿಗೆ. "ಯಾರೂ ಕೂಗದಿದ್ರೆ ಎಂತ ಮಾಡ್ತಿ?" ಎಂದು ನಾನು ಕೇಳಿದೆ. "ಬುಟ್ಟಿ ತಂದವರೇ ವಾಪಸ್ ಕೊಂಡುಹೋಗ್ಬೇಕು. ಅಮ್ಮನ ಏಲಂನಲ್ಲಿಯೂ ಹಾಗೇ" ಎಂದ.

ನಿಜವಾದ ಆಘಾತ ಏನೆಂದರೆ, ಕೆಲಸ ಸರಿಯಾಗಿ ನಡೆಯತೊಡಗಿತು. ವ್ಯಾನಿನೊಳಗೆ ಮೀನೂ ಹೋಗತೊಡಗಿತು. ರಾತ್ರಿ ಕಣ್ಣು ಮುಚ್ಚಿದರೆ ನನಗೆ ಥರ್ಮಾಕೋಲ್ ಪೆಟ್ಟಿಗೆಗಳೇ ಕಾಣತೊಡಗಿದವು.

ಒಂದು ಬೆಳಿಗ್ಗೆ ನಾನು ಹೊರಗಿನ ಊರಿನ ಗಿರಾಕಿಯೊಬ್ಬರ ಹತ್ತಿರ ಫೋನಿನಲ್ಲಿದ್ದೆ. ಹಿಂದಿನಿಂದ ಏಲಂ ಬೊಬ್ಬೆ ಕಿವಿ ಒಡೆಯುವ ಹಾಗೆ. ಅವರು ಮಾತು ನಿಲ್ಲಿಸಿ ಕೇಳಿಸಿಕೊಂಡರು. "ಅಷ್ಟು ಡಿಮ್ಯಾಂಡ್ ಇರುವ ಮೀನು ಯಾವುದು? ನನಗೂ ಒಂದು ಪೆಟ್ಟಿಗೆ ಇಡಿ" ಎಂದರು.

ಅಲ್ಲಿ ಏಲಂ ಆಗುತ್ತಿದ್ದದ್ದು ಕೆಳಗಿನಿಂದ ಚಾ ತರುವ ಕೆಲಸ.

೫. ಕೊನೆಯ ಬುಟ್ಟಿ

ತಿಂಗಳು ತುಂಬಿದ ದಿನ ಧಣಿಗಳು ಬಂದರು. ಏಲಂ ನೋಡಿ ಅವರ ಮುಖ ಅರಳಿತು. "ನೋಡಿದ್ರಾ ಮ್ಯಾನೇಜರೇ, ನೀವಿನ್ನು ಬಜಪೆಗೆ ಹೊರಡಿ. ನಿಮ್ಮ ಕೆಲಸವನ್ನೂ ಇವರೇ ಹಂಚಿಕೊಳ್ಳಲಿ" ಎಂದರು. ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಮೇಜಿನ ಡ್ರಾವರಿನಿಂದ ಕನ್ನಡಕದ ಡಬ್ಬಿ ಎತ್ತಿಕೊಂಡೆ.

ಗುಮಾಸ್ತ ಸ್ಟೂಲು ಹತ್ತಿದ.

"ಮ್ಯಾನೇಜರ ಕೆಲಸ ಉಂಟು. ಬೆಳಿಗ್ಗೆ ಏಳುವ ಮೊದಲೇ ಧಣಿಗಳ ಫೋನು ತೆಗೀಬೇಕು. ಗಿರಾಕಿ ಬೈದ್ರೆ ಕೇಳ್ಬೇಕು. ಗಿರಾಕಿ ಬೈದದ್ದಕ್ಕೆ ಧಣಿಗಳು ಬೈದ್ರೆ ಅದನ್ನೂ ಕೇಳ್ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ. ಯಾರಿಗೆ?"

ಇದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಹನ್ನೊಂದಕ್ಕೆ. ಯಾರಿಗೆ?"

ಅಕ್ಕ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಡ್ರೈವರ್ ಖಾಲಿ ವ್ಯಾನ್ ಹತ್ತಿ ಬಜಪೆಗೆ ಹೊರಟೇಬಿಟ್ಟ.

"ಬಂದ ಕೂಡ್ಲೇ ಮನೆಗೆ. ಯಾರಿಗೂ ಬೇಡ್ವಾ?" ಗುಮಾಸ್ತ ಸ್ಟೂಲಿನಿಂದ ಇಳಿದು ಧಣಿಗಳ ಮುಂದೆ ಕೈ ಮುಗಿದ. "ಧಣಿ, ಬುಟ್ಟಿ ತಂದವರು ನೀವು. ನೀವೇ ಕೊಂಡುಹೋಗ್ಬೇಕು."

ಅಷ್ಟರಲ್ಲಿ ನನ್ನ ಮೇಜಿನ ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು. ಎಲ್ಲರೂ ಧಣಿಗಳನ್ನೇ ನೋಡಿದರು. ಧಣಿಗಳು ಮೆಲ್ಲಗೆ ಎತ್ತಿದರು. ಆ ಕಡೆಯ ಗಿರಾಕಿಯ ಬೈಗುಳ ನಮಗೆಲ್ಲ ಕೇಳುವಷ್ಟಿತ್ತು. ಫೋನ್ ಇಟ್ಟವರು ಬೆವರು ಒರೆಸಿಕೊಂಡು, ತಮ್ಮ ಮೊಬೈಲ್ ತೆಗೆದುಕೊಂಡು ಹೊರಗಿನ ಜಗಲಿಗೆ ಹೋದರು. ಸೋದರಮಾವನ ಹತ್ತಿರ ಮಾತಾಡುತ್ತಿದ್ದಾರೆಂದು ಅವರ ಬಗ್ಗಿದ ಬೆನ್ನಿನಿಂದಲೇ ಗೊತ್ತಾಯಿತು.

ಒಳಗೆ ಬಂದವರೇ, "ಮಾವ ಹೇಳಿದ್ರು, ನೀವು ಇಲ್ಲೇ ಇರ್ಬೇಕಂತೆ. ಆಗಬಹುದಾ ಮ್ಯಾನೇಜರೇ?" ಎಂದರು.

ಒಂದು ತಿಂಗಳಿನಿಂದ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ನಾನು ಕನ್ನಡಕ ಹಾಕಿಕೊಂಡು ಕುರ್ಚಿಗೆ ಒರಗಿ ಕೂತೆ.

"ಯೋಚನೆ ಮಾಡಿ ಹೇಳ್ತೇನೆ ಧಣಿ. ಈಗ ನನಗೂ ಸ್ವಾತಂತ್ರ್ಯ ಉಂಟಲ್ಲ."

ಧಣಿಗಳು ಮತ್ತೆ ಮೊಬೈಲ್ ತೆಗೆದುಕೊಂಡು ಜಗಲಿಗೆ ಹೋದರು.