ಎಡಗೈ ಸೌಟು

ನನ್ನ ಸೋದರಮಾವನಿಗೆ ಊಟದಲ್ಲಿ 'ಸಾಕು' ಎನ್ನಲು ಬರುತ್ತಿರಲಿಲ್ಲ. ನಮ್ಮಲ್ಲಿ ಹೊಟ್ಟೆ ತುಂಬಿದವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದು ರೂಢಿ. ಮಾವ ಹಿಡಿಯುತ್ತಿರಲಿಲ್ಲ. ಬಡಿಸಿದಷ್ಟೂ ಉಂಡು, ಉಸಿರು ಸಿಕ್ಕಿಕೊಂಡಾಗ ಥಟ್ಟನೆ ಎದ್ದು ಹೋಗುತ್ತಿದ್ದ. ಮೋಕ ಊರಿನ ಮದುವೆಯೊಂದರಲ್ಲಿ ಅಡಿಗೆಯವನು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ ಮಾವನ್ನ ಕಡೀ ಪಂಕ್ತಿಗೆ ಕುಂದರಸ್ರಿ. ಇಲ್ಲಾಂದ್ರ ಗಂಡಿನ ಕಡೆಯವ್ರು ಉಪಾಸ ಹೊಕ್ಕಾರ" ಎಂದ.

ಮೊದಲು ಹೀಗಿರಲಿಲ್ಲ. ಅತ್ತೆ ಇದ್ದಾಗ ಅವನೂ ಎಲ್ಲರ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದ. ಆಕೆ ಕೇಳಬೇಕಲ್ಲ? ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಸುರಿಯುತ್ತಿದ್ದಳು, ಅದೂ ಎಡಗೈಯಲ್ಲಿ. ಅತ್ತೆ ಎಡಚಿ. ಎಡಗೈಯಲ್ಲಿ ಬಡಿಸಿದರೆ ಉಣ್ಣುವವನಿಗೆ ಅವಮಾನ ಎನ್ನುವ ಜನ ನಾವು. ಯಾರ ಮನೆಯ ಮದುವೆಯಾದರೂ ಹೋಳಿಗೆ ತಟ್ಟಲು ಆಕೆ ಬೇಕು, ಪಂಕ್ತಿಗೆ ಬಡಿಸಲು ಬೇಡ. ಅಡಿಗೆಮನೆ ಬಾಗಿಲ ಹಿಂದೆ ನಿಂತು, ಉಣ್ಣುವವರನ್ನು ಇಣುಕಿ ನೋಡುತ್ತಿದ್ದಳು. ನಮ್ಮ ವಂಶದಲ್ಲೇ ಮೊದಲ ಬಿ.ಎ. ನಾನು. ಪಾಸಾದ ದಿನ ಪಾಯಸ ಮಾಡಿ ತಾನೇ ಬಡಿಸಿದಳು. "ಎಡಗೈಲೆ ಹಾಕಿದ್ರ ಡಿಗ್ರಿ ವಾಪಸ್ ಕಸಗಂತಾರೇನಲೇ?" ಎಂದು ನಕ್ಕಳು. ಅದೇ ಮಳೆಗಾಲದ ಜ್ವರಕ್ಕೆ ಹೋಗಿಬಿಟ್ಟಳು.

ಮಾವ ಬೋರ್ಡು ಬರೆಯುವ ಪೇಂಟರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆ ಊಟದ ಹೋಟೆಲು ಇಟ್ಟಿದ್ದ ಸಾಹುಕಾರರೊಬ್ಬರು ಅವನನ್ನು ಕರೆಸಿದರು. ಓದು ಬಾರದ ಅಕ್ಕಿ ಗಿರಣಿಯ ಆಳು ಕೂಡ ಗೋಡೆ ನೋಡಿ 'ಇದು ಅದೇ ಹೋಟೆಲು' ಎನ್ನಬೇಕಂತೆ. ಮೂರೂ ಕಡೆ ಅಂಥದೊಂದು ಗೊಂಬೆ ಬರೆಯಬೇಕಂತೆ.

ಮಾವ ಮೊದಲು ಡೊಳ್ಳುಹೊಟ್ಟೆಯವನೊಬ್ಬನನ್ನು ಬರೆದು ತೋರಿಸಿದ.

"ಇದು ನನ್ನಂಗ ಐತಲ್ಲೋ?" ಎಂದರು ಸಾಹುಕಾರರು.

"ಇಲ್ರಿ. ಇವ ಸ್ವಲ್ಪ ತೆಳ್ಳಗ ಅದಾನ."

ಆಮೇಲೆ ತಟ್ಟೆ ಹಿಡಿದ ಆನೆ ಬಂತು. "ಆನಿ ಉಂಡು ಹೋದಮ್ಯಾಲೆ ಗಿರಾಕಿಗೆ ಏನು ಉಳಿತೈತಿ? ನೋಡಿದ್ರ ಹಸಿವಿ ಆಗಬೇಕಪಾ, ಅಂಜಿಕಿ ಅಲ್ಲ" ಎಂದು ಅದನ್ನೂ ಓಡಿಸಿದರು.

ಮಾವ ಬೀಡಿ ಸೇದುತ್ತ ಖಾಲಿ ಗೋಡೆ ನೋಡುತ್ತ ಕುಳಿತ. ಕೊನೆಗೆ ಬರೆದದ್ದು ಒಬ್ಬ ಹೆಂಗಸನ್ನು: ಹಸಿರು ಇಳಕಲ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮುಂದೆ ಬಾಗಿ ಚಾಚಿದ ಸೌಟು. ಸಾಹುಕಾರರು ಖುಷಿಯಾಗಿ ಮೂರೂ ಹೋಟೆಲಿನಲ್ಲಿ ಬೀದಿಗೆ ಕಾಣುವ ಒಳಗೋಡೆಗೆ ಬರೆಸಿಯೇಬಿಟ್ಟರು. ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಮೂಗು ಅಷ್ಟಾಗಿ ಹೋಲುತ್ತಿರಲಿಲ್ಲ. ಕೈ ಹೋಲುತ್ತಿತ್ತು.

ಹಲಕುಂದಿಯ ಹಿರಿಯರೊಬ್ಬರು ಬಳ್ಳಾರಿಯ ಹೋಟೆಲಿನಲ್ಲಿ ತುತ್ತು ಎತ್ತಿದವರು, ಗೋಡೆ ನೋಡಿ ತಟ್ಟೆ ಬಿಟ್ಟು ಎದ್ದರು. "ಎಡಗೈಲೆ ಬಡಸೋ ಅಕಿ ಮುಂದ ನಾ ಉಣ್ಣಂಗಿಲ್ಲ." ಅವರನ್ನು ನೋಡಿ ಪಕ್ಕದವರೂ ಎದ್ದರು.

ಸಾಹುಕಾರರು ಮಾವನನ್ನು ಹಿಡಿದರು.

"ಕನ್ನಡಿ ಅಂತ ತಿಳ್ಕೋರಿ," ಎಂದ ಮಾವ. "ಎದುರಿಗೆ ನಿಂತ್ರ ನಿಮ್ಮ ಬಲಗೈ ಕಡೀಗೇ ಬಂತಲ್ರಿ ಸೌಟು."

"ಗ್ವಾಡಿ ಯಾವಾಗ ಕನ್ನಡಿ ಆತಲೇ? ನಿನ್ನ ಬಿ.ಎ. ಅಳಿಯನ್ನ ಕೇಳು."

"ಆಕ್ಕೈತಿ ಬಿಡ್ರಿ" ಎಂದೆ ನಾನು. ಕಷ್ಟಪಟ್ಟು ಗಳಿಸಿದ ಡಿಗ್ರಿಯನ್ನು ಅಷ್ಟು ಧೈರ್ಯವಾಗಿ ಮತ್ತೆಂದೂ ಬಳಸಿಲ್ಲ. ಆದರೂ ಸಾಹುಕಾರರು ಬಗ್ಗಲಿಲ್ಲ. ಮೂರೂ ಕಡೆ ಕೈ ಬದಲಾಗಬೇಕು ಎಂದರು.

ಬಳ್ಳಾರಿಯಲ್ಲಿ ಮಾವ ಸೌಟನ್ನು ಎಡಗೈಯಿಂದ ಅಳಿಸಿ ಬಲಗೈಗೆ ಕೊಟ್ಟ. ಸಿರುಗುಪ್ಪದಲ್ಲೂ ಕೊಟ್ಟ. ಅಲ್ಲಿಂದ ಬಂದವನು ನನ್ನ ಮುಖ ನೋಡದೆ, "ಅಕಿ ಯಾರೋ ಆಗಿಬಿಟ್ಲು" ಎಂದ.

ಕುರುಗೋಡಿನದು ಮುಗಿಯಿತೇ ಎಂದು ನೋಡಲು ಹೊರಟ ಸಾಹುಕಾರರ ಜೊತೆ ನಾನೂ ಹೋದೆ. ಗೋಡೆಗೆ ಏಣಿ ಆನಿಸಿತ್ತು. ಬಣ್ಣದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಮಾವ ಗೊಂಬೆಯ ಎದುರಿಗೆ ಊಟಕ್ಕೆ ಕುಳಿತಿದ್ದ. ಬಡಿಸುವವನು ಅನ್ನದ ಬಕೆಟ್ಟು ಹಿಡಿದು ಪಕ್ಕಕ್ಕೆ ಬಂದ. ಮಾವ ಅವನತ್ತ ತಿರುಗಲಿಲ್ಲ. ಗೋಡೆಯತ್ತ ಮುಖವೆತ್ತಿ, ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

"ಸಾಕು. ಸಾಕು ಬಿಡೇ."

ಬೆರಳುಗಳ ನಡುವೆ ಸಂದಿ ಬಿಟ್ಟಿದ್ದ.

ಸಾಹುಕಾರರು ಹೊಸಿಲಲ್ಲೇ ನಿಂತರು. ಅವರ ಮಗಳ ಮದುವೆಗೆ ಹೋಳಿಗೆ ತಟ್ಟಿದ್ದವಳೂ ಅತ್ತೆಯೇ. ಗೋಡೆಯ ಮೇಲಿನ ಎಡಗೈ ನೋಡಿದರು. ಆಮೇಲೆ ಕೆಮ್ಮಿ, ಬಡಿಸುವವನಿಗೆ ಮೆಲ್ಲಗೆ ಹೇಳಿದರು:

"ಆ ಏಣಿ ತಗದು ಹಿತ್ತಲಾಗ ಇಡಪಾ. ಓಡಾಡೋ ಮಂದಿಗೆ ಅಡ್ಡ ಆಕ್ಕೈತಿ."