ಸಿಡಿಲು ಬಾಯ್ಸ್ ಹೋಗಿ ಸಿಲ್ವರ್ ಈಗಲ್ಸ್ ಬಂದದ್ದು

ಪಿರಿಯಾಪಟ್ಟಣದಲ್ಲಿ ಗೋಣಿತಾಟು, ಹುರಿ, ಟಾರ್ಪಾಲು ಮಾರುತ್ತಲೇ ತಲೆ ನರೆಸಿಕೊಂಡವನು ನಾನು. ಎದುರಂಗಡಿಯವನು ಬೋರ್ಡು ಬದಲಾಯಿಸಿದರೆ ನಾನು ಬೋರ್ಡು ಓದುವುದಿಲ್ಲ; ಹಿಂಬಾಗಿಲಲ್ಲಿ ಏನು ಸಾಗುತ್ತಿದೆ ಅಂತ ನೋಡುತ್ತೇನೆ. ನಮ್ಮೂರಲ್ಲಿ ಎಲ್ಲರ ಕಣ್ಣೂ ಹೀಗೆಯೇ. ಅದಕ್ಕೇ ಇಲ್ಲಿ ಯಾರಾದರೂ ಒಂದು ಹೆಸರು ಬದಲಾಯಿಸಿದರೆ ಸಾಕು, ಅಂಗಡಿ ಮುಂದೆ ಕೂತವರಿಗೆ ತಿಂಗಳುಗಟ್ಟಲೆ ನಗುವಷ್ಟು ಸರಕು ಬಂದು ಬೀಳುತ್ತದೆ. ಹೋದ ವರ್ಷ ಬದಲಾದದ್ದು ನಮ್ಮ ಫುಟ್‌ಬಾಲ್ ಟೀಮಿನ ಹೆಸರು.

ಒಳಗಿನ ಸೊಪ್ಪು

ಟೀಮಿನ ಹೆಸರು ಸಿಡಿಲು ಬಾಯ್ಸ್. ಆ ಬಾಯ್ಸ್ ಪೈಕಿ ಇಬ್ಬರು ಆಗಲೇ ಮಗಳ ಮದುವೆ ಮಾಡಿ ಮುಗಿಸಿದ್ದರು, ಆ ಮಾತು ಬೇರೆ. ಟೀಮು ಕಟ್ಟಿದವರು, ಹೆಸರಿಟ್ಟವರು ನಮ್ಮ ರಿಟೈರಾದ ಪಿ.ಟಿ. ಮೇಷ್ಟ್ರು. ಬಾಲು, ಶೂ, ಜೆರ್ಸಿ ಎಲ್ಲಾ ಕೊಡಿಸಿ ಮಾಲೀಕರು ಅನ್ನಿಸಿಕೊಂಡವರು ಕೆ.ಆರ್. ನಗರದ ಒಬ್ಬ ರೈಸ್ ಮಿಲ್ ಸಾಹುಕಾರರು. ಆಡುವ ಮೈದಾನವೂ ಅವರದೇ. ಮಾವನ ಮನೆಯಿಂದ ಬಂದ ಜಮೀನು.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ನೇತಾಡುತ್ತಿತ್ತು. 'ನಮ್ಮ ಟೀಮು ಇನ್ನು ಮುಂದೆ ಸಿಲ್ವರ್ ಈಗಲ್ಸ್.' ಕೆಳಗೆ ಸಾಹುಕಾರರ ನಗುಮುಖ. ಕಾರಣ ಮಾತ್ರ ಎಲ್ಲೂ ಇಲ್ಲ.

ನಮ್ಮ ಟೀಮಿನ ಅಭಿಮಾನಿಗಳೆಂದರೆ ಮುಕ್ಕಾಲು ಪಾಲು ಹೊಗೆಸೊಪ್ಪಿನ ರೈತರು. ಹರಾಜು ಕಟ್ಟೆಯಲ್ಲಿ ಬೇಲು ಕಟ್ಟಿದ ಸೊಪ್ಪಿನ ಮೇಲಿನ ಎಲೆ ನೋಡಿ ಯಾರೂ ರೇಟು ಕೂಗುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ಮಧ್ಯದ ಸೊಪ್ಪು ಎಳೆದು ನೋಡುತ್ತಾರೆ. ಮಧ್ಯದಲ್ಲಿ ಎಂಥ ಕಳಪೆ ಸೊಪ್ಪು ಅಡಗಿಸಿಟ್ಟಿರುತ್ತಾರೆ ಅನ್ನುವುದು ಇಟ್ಟ ನಮ್ಮವರಿಗೂ ಚೆನ್ನಾಗಿ ಗೊತ್ತು. ಹಾಗಾಗಿ ನನ್ನ ಖಾಯಂ ಗಿರಾಕಿ, ಒಬ್ಬ ಬೇಸಾಯಗಾರ, ಫ್ಲೆಕ್ಸ್ ಓದಿದವನೇ ಅದರ ಮೂಲೆ ಎತ್ತಿ ಹಿಂದಕ್ಕೆ ತಲೆ ಹಾಕಿದ. ತುಂಬಾ ಹೊತ್ತು ನೋಡಿದ.

"ಏನೈತ್ಲಾ ಹಿಂದ್ಗಡೆ?" ಅಂತ ಜನ ಕೇಳಿದರು.

"ಏನೂ ಇಲ್ಲ."

"ಮತ್ತೆ ಮುಖ ಯಾಕಂಗ್ ಮಾಡೀಯ?"

"ಏನೂ ಇಲ್ವಲ್ಲ, ಅದೇ ಕಣ್ಲಾ ಅನುಮಾನ!"

ಟೇಪು

ಮಧ್ಯಾಹ್ನದ ಹೊತ್ತಿಗೆ ಊರು ತೀರ್ಮಾನಕ್ಕೆ ಬಂತು. ಟೀಮಿಗೆ ಇಂಗ್ಲಿಷ್ ಹೆಸರಿಟ್ಟು, ಆಮೇಲೆ ಅದೇ ಹೆಸರಲ್ಲಿ ಲೇಔಟ್ ಮಾಡಿ, ಮೈದಾನವನ್ನು ಸೈಟು ಹೊಡೆದು ಮಾರುತ್ತಾರೆ. ಸಿಲ್ವರ್ ಈಗಲ್ಸ್ ಬಡಾವಣೆ! ಹೇಳಿ ನೋಡಿದರೆ ಬಾಯಿಗೂ ಹೊಂದುತ್ತದೆ ಅಂತ ನನಗೇ ಅನ್ನಿಸಿತು.

ಮೇಷ್ಟ್ರು ನನ್ನ ಅಂಗಡಿಗೆ ಬಂದು ಹುರಿಯ ಉಂಡೆ ಮೇಲೆ ಕೂತರು. "ಹೆಸ್ರು ಹೋದ್ರೆ ಹೋಗ್ಲಿ ಕಣ್ರೀ. ಆ ಜಾಗ ಹೋದ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?" ಅಂದರು. ನಾನು ಅವರಿಗೊಂದು ಟೀ ತರಿಸಿದೆ.

ಅಷ್ಟರಲ್ಲಿ ಸುದ್ದಿ ಬಂತು: ಇಬ್ಬರು ಟೇಪು ಹಿಡಿದು ಮೈದಾನ ಅಳೆಯುತ್ತಿದ್ದಾರೆ. ನಾವು ಹೋಗುವಷ್ಟರಲ್ಲಿ ಜನ ಟೇಪಿನ ಮೇಲೇ ಸಾಲಾಗಿ ಕೂತುಬಿಟ್ಟಿದ್ದರು.

"ಯಾಕಪ್ಪ ಅಳೀತಿದ್ದೀರಿ?"

"ಸಾಹುಕಾರ್ರು ಅಳ್ಕೊಂಡು ಬನ್ನಿ ಅಂದ್ರು ಸಾರ್. ಯಾಕೆ ಅಂತ ನಮಗ್ಗೊತ್ತಿಲ್ಲ."

"ಗೊತ್ತಿಲ್ದೆ ಅಳೀತೀರಾ? ಹಂಗಾದ್ರೆ ಆ ಗೋಲುಗಳ್ನೂ ಅಳೀರಿ ನೋಡಾಣ!" ಅಂತ ಯಾರೋ ಸಿಟ್ಟಿನಲ್ಲಿ ಕೂಗಿದರು. ಆ ಪಾಪದವರು ಅಳೆದರು. ಕೆರೆ ಕಡೆಯ ಗೋಲು ರಸ್ತೆ ಕಡೆಯದಕ್ಕಿಂತ ಎರಡು ಮೊಳ ಚಿಕ್ಕದು!

ಕೆರೆ ಕಡೆಯದು ಯಾವಾಗಲೂ ನಮ್ಮ ಗೋಲು. ಅರ್ಧ ಆಟ ಮುಗಿದ ಮೇಲೆ ಬದಿ ಬದಲಾಯಿಸುವುದು ಲೋಕದ ಪದ್ಧತಿ. ನಮ್ಮಲ್ಲಿ ಮಾತ್ರ, ಸಂಜೆ ಬಿಸಿಲು ಅತಿಥಿಗಳ ಕಣ್ಣಿಗೆ ಹೊಡೆಯಬಾರದು ಅಂತ ಮೇಷ್ಟ್ರು ಅದನ್ನು ಬಿಡಿಸಿದ್ದರು. ಸೋತು ಹೋಗುವಾಗ ಹುಣಸೂರಿನವರು ಈ ಉಪಚಾರಕ್ಕೆ ಅವರ ಕೈ ಕುಲುಕಿ ಹೋಗುತ್ತಿದ್ದರು. ಈಗ ಎಲ್ಲರೂ ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಟೇಪಿನವರಿಗೆ ಗದರಿದರು: "ಸೈಟ್ ಬೇಕಾದ್ರೆ ಅಳ್ಕೊಳ್ರಪ್ಪ. ಗೋಲಿನ ತಂಟೆಗೆ ಮಾತ್ರ ಬರಬೇಡಿ!"

ಹೆಸರು ಹೇಳದ ಸಂಸಾರ

ಮಾರನೆಯ ದಿನ ಮಾರಮ್ಮನ ಗುಡಿ ಮುಂದೆ ಅಭಿಮಾನಿಗಳೆಲ್ಲ ಕರ್ಪೂರ ಮುಟ್ಟಿ ಆಣೆ ಮಾಡಿದರು: ಸಿಲ್ವರ್ ಈಗಲ್ಸ್ ಅನ್ನುವ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಆಣೆ ಮಾಡಿ ಪ್ರಸಾದ ತಿಂದ ಮೇಲೆ ಹೊಸ ತೊಂದರೆ ಹೊಳೆಯಿತು. ಭಾನುವಾರ ಎಚ್.ಡಿ. ಕೋಟೆಯವರ ಜೊತೆ ಮ್ಯಾಚು, ಸಾಹುಕಾರರೂ ಬರುತ್ತಾರೆ. ಹಳೇ ಹೆಸರು ಕೂಗಿದರೆ ಸಿಟ್ಟಾಗಿ ಅವತ್ತೇ ಸೈಟು ಹೊಡೆದುಬಿಟ್ಟರೆ? ಹೊಸದು ಕೂಗಿದರೆ ಮಾರಮ್ಮ ಬಿಡುತ್ತಾಳೆಯೇ? ಏನನ್ನೂ ಕೂಗದೆ ಬಾಯಿ ಮುಚ್ಚಿಕೊಂಡು ನೋಡಲು ಅದೇನು ಟಿ.ವಿ.ಯೇ?

ಮೇಷ್ಟ್ರ ಮನೆ ಜಗಲಿಯಲ್ಲಿ ಈ ಚರ್ಚೆ ಮುಗಿಯದೇ ಇದ್ದಾಗ ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. "ಇದಕ್ಯಾಕಿಷ್ಟು ತಲೆ ಕೆಡಿಸ್ಕೊಂಡಿದ್ದೀರಿ? ಮದ್ವೆ ಆದಾಗಿಂದ ನಾನು ಇವರ ಹೆಸ್ರು ಒಂದು ದಿನಾನೂ ಹೇಳಿಲ್ಲ. ಸಂಸಾರ ನಡೀಲಿಲ್ವಾ? ಬೇಕಾದಷ್ಟು ಬೈದೂ ಇದ್ದೀನಿ," ಅಂದರು.

ಭಾನುವಾರ ಮೈದಾನದ ಸುತ್ತ ಮೀಸೆ ಹೊತ್ತ ಗಂಡಸರು ಗಂಟಲು ಹರಿಯುವಂತೆ ಕೂಗಿದ್ದೇ ಕೂಗಿದ್ದು. "ನಮ್ಮೋರು ಬಂದ್ರು! ನಮ್ಮೋರು ಬಂದ್ರು!" "ಏನೂಂದ್ರೆ, ಬಾಲ್ ಕೊಡೀಂದ್ರೆ!" "ಅಯ್ಯೋ, ನಮ್ಮನೆಯವ್ರು ಬಿದ್ಬುಟ್ರು!" ಸಾಹುಕಾರರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

ಎಚ್.ಡಿ. ಕೋಟೆ ಟೀಮಿನ ಮ್ಯಾನೇಜರು ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದ. "ತಪ್ಪು ತಿಳ್ಕೋಬೇಡಿ ಸಾರ್. ಈ ಟೀಮಿಗೆ ಇಷ್ಟು ಜನಾನೂ ಹೆಂಡ್ತೀರಾ?"

ಇನ್ನೊಂದಡಿ

ಮ್ಯಾಚು ಮುಗಿದ ಮರುದಿನ ಬೆಳಿಗ್ಗೆಯೇ ಸಾಹುಕಾರರು ನನ್ನ ಅಂಗಡಿಗೆ ನುಗ್ಗಿದರು. ಮೇಷ್ಟ್ರೂ ಅಲ್ಲೇ ಇದ್ದರು.

"ಏನ್ರೀ ಇದು? ನಾನೇನು ಕಳ್ಳನಾ? ಮೈದಾನಾನ ಟೀಮಿಗೇ ಬರ್ದು ಕೊಡಾಣ ಅಂತ ಹೊರಟೆ. ಅದಕ್ಕೆ ಟೀಮು ರಿಜಿಸ್ಟರ್ ಆಗ್ಬೇಕು ಅಂದ್ರು. ಸಿಡಿಲು ಬಾಯ್ಸ್ ಹೆಸ್ರನ್ನ ಹುಣಸೂರಿನ ವಾಲಿಬಾಲ್‌ನೋರು ಆಗ್ಲೇ ಮಾಡಿಸ್ಕೊಂಡವ್ರೆ. ಅದಕ್ಕೇ ಹೆಸ್ರು ಬದ್ಲಾಯಿಸ್ದೆ, ಅದಕ್ಕೇ ಜಾಗ ಅಳೆಸ್ದೆ!"

"ಮೊದ್ಲೇ ಹೇಳಿದ್ರಾಗ್ತಿತ್ತಲ್ಲ?" ಅಂದೆ.

"ಹೇಳಿದ್ರೆ ನಂಬ್ತಿದ್ರಾ?"

ಮೇಷ್ಟ್ರು ಗೋಡೆ ಕಡೆ ತಿರುಗಿ, ಬೇಕಿಲ್ಲದಿದ್ದರೂ ಒಂದು ಟಾರ್ಪಾಲಿನ ಅಂಚನ್ನು ಪರೀಕ್ಷೆ ಮಾಡತೊಡಗಿದರು. ಕಣ್ಣು ಒರೆಸಿಕೊಂಡದ್ದು ನನಗೆ ಕಾಣಿಸಿತು. ನಾನು ವ್ಯಾಪಾರಸ್ಥ, ಕೇಳಬೇಕಾದದ್ದು ಕೇಳಿದೆ.

"ಪುಕ್ಕಟೆನಾ?"

"ಪುಕ್ಕಟೆ ಕಣ್ರೀ!"

ಆ ಮಾತೊಂದನ್ನು ಅವರು ಆಡಬಾರದಾಗಿತ್ತು. ಸೈಟು ಮಾರುತ್ತೇನೆ ಅಂದಿದ್ದರೆ ಊರು ಜಗಳ ಆಡಿ ಸುಮ್ಮನಾಗುತ್ತಿತ್ತು. ಊರ ಪಕ್ಕದ ಜಮೀನನ್ನು ಪುಕ್ಕಟೆ ಕೊಡುತ್ತಾನೆ ಅಂದ ಮೇಲೆ ಊಟವಾದರೂ ಹೇಗೆ ಸೇರೀತು?

ಗುರುವಾರ ರಿಜಿಸ್ಟ್ರಿ ಅಂತ ಗೊತ್ತಾಯಿತು. ಬುಧವಾರ ಬೆಳಿಗ್ಗೆ ಸಾಹುಕಾರರು ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಮೈದಾನಕ್ಕೆ ಬಂದರು. ನಡುಮಧ್ಯೆ, ಬಾಲು ಇಟ್ಟು ಆಟ ಶುರುಮಾಡುವ ಜಾಗದಲ್ಲಿ, ಗುಡ್ಡೆ ಮಣ್ಣು. ಪಕ್ಕದಲ್ಲಿ ಹಾರೆ ಹಿಡಿದ ನಮ್ಮ ಬೇಸಾಯಗಾರ. ಗುಂಡಿಯೊಳಗೆ ಸೊಂಟದವರೆಗೆ ಇಳಿದು ಸನಿಕೆ ಹಿಡಿದು ನಿಂತವರು ಮೇಷ್ಟ್ರು.

"ಏನ್ ಮೇಷ್ಟ್ರೇ ಇದು!"

ಮೇಷ್ಟ್ರು ಸನಿಕೆಗೆ ಅಂಟಿದ ಮಣ್ಣು ಕೊಡವತೊಡಗಿದರು. ಬೇಸಾಯಗಾರನೇ ಹೇಳಿದ: "ಬೇಜಾರ್ ಮಾಡ್ಕಾಬೇಡಿ ಸಾಹುಕಾರ್ರೆ. ಮೇಲ್ಗಡೆ ಸೊಪ್ಪು ಚೆನ್ನಾಗೈತೆ. ಮಧ್ಯಕ್ಕೆ ಕೈ ಹಾಕಿ ನೋಡ್ತಾವ್ರೆ, ಅಷ್ಟೇಯ."

ಸಾಹುಕಾರರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಕೊನೆಗೆ ನಕ್ಕರು. "ತೋಡ್ಕೊಳ್ಳಿ, ನಾಳೆ ನಿಮ್ಮದೇ ಜಾಗ. ಯಜಮಾನ್ರೇ, ನೀವಾದ್ರೂ ಕಂಡು-ಕೇಳಿದೋರು. ಒಳಗೆ ಏನೂ ಇಲ್ಲ ಅಂತ ಇವರಿಗೆ ಬುದ್ಧಿ ಹೇಳ್ರೀ," ಅಂತ ನನ್ನ ಕಡೆ ಕೈ ಮುಗಿದರು.

ನಾನು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಕೆಂಪು ಮಣ್ಣು, ಅದರ ಕೆಳಗೆ ಮತ್ತೂ ಕೆಂಪು ಮಣ್ಣು. ಒಂದು ದೋಷವೂ ಇಲ್ಲ.

"ಇನ್ನೊಂದಡಿ ತೋಡಿ ಮೇಷ್ಟ್ರೇ," ಅಂದೆ.